ಚಿಂದಿ ಕಟ್ಟಿದ ಕೊಪ್ಪರಿಗೆ

ನಮ್ಮ ಮನೆಯಲ್ಲಿ ಯಾರು ಎಲ್ಲಿ ಮಲಗಬೇಕೆಂಬುದನ್ನು ಯಾರದೋ ಮದುವೆ ತೀರ್ಮಾನಿಸುತ್ತಿತ್ತು. ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಆ ಮನೆಗೆ ನಡುಮನೆ, ಎರಡು ಕೋಣೆ, ಅಡುಗೆಮನೆ, ಬಚ್ಚಲು ಇದ್ದವು ಎಂದು ಬರೆಯಬಹುದು. ಬರೆದರೆ ಓದುವವರ ಕಣ್ಣಮುಂದೆ ಒಂದು ಮನೆ ನಿಲ್ಲುತ್ತದೆ. ಆದರೆ ಅದು ನಮ್ಮ ಮನೆಯಲ್ಲ. ನಮ್ಮಲ್ಲಿ ಇದ್ದದ್ದು ಪಾತ್ರೆಗಳು. ಅವು ಬಿಟ್ಟುಕೊಟ್ಟ ಜಾಗದಲ್ಲಿ ನಾವಿದ್ದೆವು. ಅಪ್ಪ ಮದುವೆ ಮನೆಗಳಿಗೆ ಪಾತ್ರೆ, ಜಮಖಾನ, ಗ್ಯಾಸ್‌ಲೈಟುಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಶೃಂಗೇರಿ ಕಡೆಯ ಮೆಣಸೆಯಿಂದ ಹಿಡಿದು ನರಸಿಂಹರಾಜಪುರದವರೆಗೆ ‘ಪಾತ್ರೆ ಮಲ್ಲಪ್ಪ’ ಎಂದರೆ ಎಲ್ಲರಿಗೂ ಗೊತ್ತಿತ್ತು. ನಡುಮನೆಯ ಕೆಂಪು ಗಾರೆಯ ನೆಲದ ಮೇಲೆ ಆತ ಬಿಳಿ ಬಣ್ಣದಲ್ಲಿ ಚೌಕಗಳನ್ನು ಬರೆಸಿದ್ದ. ಒಂದು ಮದುವೆಗೆ ಒಂದು ಚೌಕ. ಚೌಕ ಖಾಲಿಯಿದ್ದ ದಿನ ನಾವು ಅಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆವು. ತುಂಬಿದ ದಿನ ಚಾಪೆ ಸುತ್ತಿಕೊಂಡು ಕೋಣೆಗೆ ಹೋಗುತ್ತಿದ್ದೆವು. ಕೋಣೆಯೂ ತುಂಬಿದರೆ ಒಲೆಯ ಪಕ್ಕ. ಅಲ್ಲಿ ಬೂದಿಯ ಬಿಸಿ ಇರುತ್ತಿತ್ತು, ಅದು ಹಿತವಾಗಿತ್ತು ಎಂದು ತಮ್ಮ ಸುರೇಶ ಹೇಳುತ್ತಾನೆ. ನನಗೆ ನೆನಪಿರುವುದು ಜಿರಲೆ.

ಅಪ್ಪ ಪುಸ್ತಕ ಇಡುತ್ತಿರಲಿಲ್ಲ. ಪುಸ್ತಕವನ್ನು ತೆರೆದು ನೋಡಬೇಕು, ನೋಡಲು ಮರೆತರೆ ಕೆಟ್ಟಿತು, ಕಣ್ಣಿಗೆ ತಾನಾಗಿ ಬೀಳುವುದೇ ವ್ಯವಸ್ಥೆ ಎನ್ನುತ್ತಿದ್ದ. ‘ವ್ಯವಸ್ಥೆ’ ಎಂಬ ಪದವನ್ನು ದೇವರ ಹೆಸರಿನ ಹಾಗೆ ಉಚ್ಚರಿಸುತ್ತಿದ್ದ. ಅವನ ವ್ಯವಸ್ಥೆ ಇದು: ದರ್ಜಿ ಅಂಗಡಿಯಿಂದ ಚಿಂದಿಬಟ್ಟೆ ತರುವುದು. ಮದುವೆಯವರು ಪಾತ್ರೆ ಕೇಳಲು ಬಂದಾಗ ಒಂದು ಚಿಂದಿಯನ್ನು ಆರಿಸಿ, ತುಂಡು ತುಂಡು ಹರಿದು, ಅವರಿಗೆ ಗೊತ್ತುಮಾಡಿದ ಪ್ರತಿ ಪಾತ್ರೆಯ ಹಿಡಿಗೂ ಕಟ್ಟುವುದು. ಅದೇ ಬಟ್ಟೆಯ ಒಂದು ತುಂಡನ್ನು ಅವರ ಕೈಗೆ ಕೊಡುವುದು. ಒಯ್ಯಲು ಬಂದವರು ಆ ತುಂಡನ್ನು ತೋರಿಸಬೇಕು. ಒಂದು ಚಿಂದಿಯ ಹಾಗೆ ಇನ್ನೊಂದು ಇರುತ್ತಿರಲಿಲ್ಲವಾದ್ದರಿಂದ ಒಬ್ಬರ ಹಂಡೆ ಇನ್ನೊಬ್ಬರ ಚಪ್ಪರಕ್ಕೆ ಹೋದದ್ದೇ ಇಲ್ಲ. ನಾವು ಮದುವೆಗಳನ್ನು ಗಂಡು ಹೆಣ್ಣಿನ ಹೆಸರಿನಿಂದ ಗುರುತಿಸುತ್ತಿರಲಿಲ್ಲ; ನೀಲಿಗೀರಿನ ಮದುವೆ, ಹುಲಿಪಟ್ಟೆ ಮದುವೆ, ಗುಲಾಬಿ ಹೂವಿನ ಮದುವೆ ಎನ್ನುತ್ತಿದ್ದೆವು. ಕಟ್ಟಿದ ಚಿಂದಿಯನ್ನು ನಾವು ಬಿಚ್ಚುವಂತಿಲ್ಲ ಎಂಬುದು ಮೊದಲ ನಿಯಮ. ಮದುವೆ ಮುರಿದುಬಿತ್ತು, ಮನೆಯಲ್ಲಿ ಸಾವಾಯಿತು ಎಂದು ಅವರೇ ಬಂದು ತಮ್ಮ ತುಂಡನ್ನು ಹಿಂದಿರುಗಿಸಿದರೆ ಮಾತ್ರ ಬಿಚ್ಚಬೇಕು. ‘ಬಟ್ಟೆ ವಾಪಸು ಬಂತು’ ಎಂದು ನಮ್ಮ ಮನೆಯಲ್ಲಿ ಯಾರಾದರೂ ಅಂದರೆ ಅಮ್ಮ ಕೈಯ ಕೆಲಸ ನಿಲ್ಲಿಸಿ, ಯಾರ ಮನೆಯ ಕೂಸೋ ಪಾಪ, ಅನ್ನುತ್ತಿದ್ದಳು.

ಉಳಿದವೂ ಹೀಗೆಯೇ ಸರಳ. ತೊಳೆದ ಪಾತ್ರೆ ಬೋರಲು, ತೊಳೆಯದ್ದು ಅಂಗಾತ. ಬಾಗಿಲಲ್ಲಿ ನಿಂತು ಒಂದು ಸಲ ನೋಡಿದರೆ ಕೆಲಸ ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ಟೆಂಪೋಗೆ ತುಂಬುವಾಗ ಅಲ್ಲಿ ಮೊದಲು ಬೇಕಾದ್ದು ಇಲ್ಲಿ ಕೊನೆಗೆ ಹತ್ತಬೇಕು. ಇಲ್ಲದಿದ್ದರೆ ಉಪ್ಪಿಟ್ಟಿನ ಬಾಣಲೆ ತೆಗೆಯಲು ಊಟದ ಹರಿವಾಣಗಳನ್ನೆಲ್ಲ ಇಳಿಸಬೇಕಾಗುತ್ತದೆ. ಕಲಾಯಿ, ಬೆಸುಗೆ, ಜಮಖಾನದ ಹೊಲಿಗೆ ಎಲ್ಲ ಆಷಾಢದಲ್ಲಿ ಮಾತ್ರ. ಮದುವೆಯ ತಿಂಗಳುಗಳಲ್ಲಿ ರಿಪೇರಿ ಎಂಬ ಮಾತು ಎತ್ತುವಂತಿಲ್ಲ. ಇವೆಲ್ಲ ಒಳ್ಳೆಯ ನಿಯಮಗಳು. ನಾನು ಇವತ್ತಿಗೂ ತೊಳೆದ ಪಾತ್ರೆಯನ್ನು ಬೋರಲು ಹಾಕುವವಳೇ. ಅಪ್ಪನ ವ್ಯವಸ್ಥೆ ಕೆಲಸಕ್ಕೆ ಬಾರದ್ದಾಗಿದ್ದರೆ ನನ್ನ ಸಿಟ್ಟಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮದುವೆಯ ತಿಂಗಳುಗಳಲ್ಲಿ ನಮ್ಮ ಮನೆಗೆ ನಮ್ಮದೆಂಬ ಪಾತ್ರೆ ಇರುತ್ತಿರಲಿಲ್ಲ. ಬಚ್ಚಲಿನ ಹಂಡೆಗೂ ಚಿಂದಿ ಬೀಳುತ್ತಿತ್ತು. ಸೀಮೆಎಣ್ಣೆಯ ಡಬ್ಬ ಕತ್ತರಿಸಿ ಮಾಡಿದ ತಗಡಿನ ಡ್ರಮ್ಮಿನಲ್ಲಿ ನೀರು ಕಾಯಿಸಿ ಮೀಯುತ್ತಿದ್ದೆವು. ಮೈಯೆಲ್ಲ ಎಣ್ಣೆಯ ವಾಸನೆ. ಅಪ್ಪ ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣುಮುಚ್ಚಿ ಕೂರುವಾಗಲೂ ಎರಡು ಚೌಕಗಳ ನಡುವಿನ ಗೆರೆಯ ಮೇಲೇ ಕೂರುತ್ತಿದ್ದ, ಯಾರ ಜಾಗವನ್ನೂ ಮುಟ್ಟದ ಹಾಗೆ. ಅಮ್ಮ ಅನ್ನ, ಸಾರು, ಪಲ್ಯ ಮೂರನ್ನೂ ಒಂದೇ ಪಾತ್ರೆಯಲ್ಲಿ ಒಂದಾದ ಮೇಲೊಂದು ಮಾಡಿ ಬಾಳೆಲೆಗೆ ಸುರಿಯುತ್ತಿದ್ದಳು. ಊಟ ತಣ್ಣಗಿರುತ್ತಿತ್ತು. ಊಟದ ಹೊತ್ತಿಗೆ ಹೊಳೆಯಿಂದ ತೊಳೆದು ಬಂದ ಪಾತ್ರೆಗಳ ಹುಣಸೆಹುಳಿಯ ವಾಸನೆ. ತೊಳೆಯದೆ ಬಂದವುಗಳಲ್ಲಿ ಪರರ ಪಾಯಸದ ವಾಸನೆ. ಹಿತ್ತಾಳೆಯ ದೊಡ್ಡ ಕೊಪ್ಪರಿಗೆಯೊಂದಿತ್ತು. ಕಂಠದಲ್ಲಿ ಅಮ್ಮನ ಹೆಸರು ಕೆತ್ತಿಸಿ ಅವಳ ತವರಿನವರು ಕೊಟ್ಟದ್ದು, ಅವಳ ಮಗಳ ಮದುವೆಗೆ ಪಾಯಸ ಅದರಲ್ಲೇ ಆಗಬೇಕೆಂದು. ಅಪ್ಪ ವ್ಯಾಪಾರ ಶುರುಮಾಡಿದ್ದೇ ಅದನ್ನು ಬಾಡಿಗೆಗೆ ಕೊಡುವುದರಿಂದ. ‘ಪಾರ್ವತಮ್ಮ’ ಎಂಬ ಹೆಸರು ಹೊತ್ತ ಆ ಕೊಪ್ಪರಿಗೆ ಅಮ್ಮನಿಗಿಂತ ಹೆಚ್ಚು ಊರು ನೋಡಿತ್ತು. ಅಮ್ಮ ಹಾಗೆ ಹೇಳಿ ನಗುತ್ತಿದ್ದಳು. ನಗುತ್ತಿದ್ದಳೇ? ಹೇಳುತ್ತಿದ್ದಳು, ಅಷ್ಟು ಖಾತ್ರಿ.

ಈಚೆಗೆ ಕೊಪ್ಪದಲ್ಲಿ ಸಣ್ಣ ವ್ಯಾಪಾರ ಶುರುಮಾಡುವವರಿಗೆ ಒಂದು ತರಬೇತಿ ನಡೆಯಿತು. ಸುರೇಶ ಈಗ ಅಲ್ಲಿ ಮದುವೆ ಹಾಲ್ ಇಟ್ಟಿದ್ದಾನೆ. ತರಬೇತಿಯೂ ಅದೇ ಹಾಲ್‌ನಲ್ಲಿ. ಅವನು ಮೈಕ್ ಹಿಡಿದು ಅಪ್ಪನ ಚಿಂದಿ, ಚೌಕ, ಬೋರಲು, ಅಂಗಾತ ಎಲ್ಲವನ್ನೂ ಹೇಳಿದ. ಚೆನ್ನಾಗಿಯೇ ಹೇಳಿದ. ಕೂತವರು ಫೋನಿನಲ್ಲಿ ವೀಡಿಯೊ ಮಾಡಿಕೊಂಡರು. ನಾನೂ ಗಿರಿಜಕ್ಕನೂ ಎರಡನೆಯ ಸಾಲಿನಲ್ಲಿದ್ದೆವು. ಗಿರಿಜಕ್ಕ ನಮ್ಮಲ್ಲಿ ಹಿರಿಯಳು. ಸುರೇಶ ಕೊನೆಗೆ ಹೇಳಿದ:

“ನಮ್ಮಪ್ಪ ಒಂದೇ ಒಂದು ಮದುವೆಗೂ ತಪ್ಪಿದೋರಲ್ಲ.”

ಚಪ್ಪಾಳೆ ಬಿತ್ತು. ಅಕ್ಕನೂ ತಟ್ಟಿದಳು. ಒಂದಕ್ಕೆ ತಪ್ಪಿದ್ದ. ಆ ಮದುವೆ ಅವಳದೇ. ಸುರೇಶನ ಭಾಷಣದಲ್ಲಿ ಅದಕ್ಕೆ ಚೌಕವಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ನನ್ನ ನೆನಪೂ ಒಂದು ಬಗೆಯ ಭಾಷಣವೇ ಎಂಬ ಅಳುಕಿನಿಂದಲೇ ಬರೆಯುತ್ತೇನೆ.

ಅಕ್ಕ ಹತ್ತನೆಯ ತರಗತಿ ಮುಗಿಸಿದ ಮೇಲೆ ಚಿಂದಿ ಕಟ್ಟುವ ಕೆಲಸ ಅವಳ ಕೈಗೆ ಬಂತು. ಹೇಗೆ ಬಂತು ಎಂದು ಯಾರಿಗೂ ಗೊತ್ತಿಲ್ಲ. ಯಾರೂ ಕೊಡಲಿಲ್ಲ, ಅವಳು ಕೇಳಲಿಲ್ಲ. ಅಪ್ಪ ಮದುವೆ ಮನೆಗಳಲ್ಲಿ ನಿಂತು ಬರುವವನು, ಮನೆಯೊಳಗಿನ ವ್ಯವಸ್ಥೆ ಅವಳದು. ಅವಳಿಗೆ ಮಾಗುಂಡಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಚಂದ್ರಶೇಖರ, ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ನೋಡಲು ಬಂದ ದಿನ ಚೌಕಗಳೆಲ್ಲ ತುಂಬಿದ್ದವು. ಕೂರಲು ಜಾಗವಿಲ್ಲದೆ ಗಂಡಿನ ಕಡೆಯವರು ಜಮಖಾನದ ಸುರುಳಿಗಳ ಮೇಲೆ ಕೂತರು. ಚಂದ್ರಶೇಖರ ಕೂತ ಸುರುಳಿ ಉರುಳಿತು, ಅವನು ಕೊಳಗಗಳ ರಾಶಿಗೆ ಆತುಕೊಂಡ, ಅವು ದಡದಡನೆ ಬಿದ್ದವು. ಅಕ್ಕ ಕಾಫಿಯ ತಟ್ಟೆ ಹಿಡಿದು ಒಳಗಿಂದ ಬಂದವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಅವನೂ ನಕ್ಕ. ಆಮೇಲೆ ಅವನೇ ಬಗ್ಗಿ ಕೊಳಗಗಳನ್ನು ಎತ್ತಿಟ್ಟ. ಅಂಗಾತ ಇಟ್ಟ. ಅಕ್ಕ ಅವುಗಳನ್ನು ಬೋರಲು ಮಾಡುತ್ತ, ತೊಳೆದದ್ದು ಹೀಗೆ, ಎಂದಳು. ಅವರಿಬ್ಬರ ನಡುವೆ ನಡೆದ ಮಾತು ಅಷ್ಟೇ. ಅವಳು ಆ ಇಡೀ ವಾರ ಯಾರೂ ಕೇಳದಿದ್ದರೂ ‘ಕೊಳಗ’ ಎಂದು ನೆನೆಸಿಕೊಂಡು ನಗುತ್ತಿದ್ದಳು.

ಎರಡೂ ಕಡೆ ಒಪ್ಪಿಗೆಯಾಯಿತು. ದಿನ ಗೊತ್ತುಮಾಡಲು ಹುಡುಗನ ಸೋದರಮಾವ ಬಂದರು. ದಪ್ಪ ಮೈಯ, ಸದಾ ಎಲೆಅಡಿಕೆ ಮೆಲ್ಲುವ ಮನುಷ್ಯ. ಮನೆಯಲ್ಲಿ ಅಜ್ಜಿಗೆ ಕಾಯಿಲೆ, ಅವರು ಕಣ್ಣುಮುಚ್ಚುವುದರೊಳಗೆ ಆಗಬೇಕು ಎಂದು ವೈಶಾಖದ ಒಂದು ದಿನ ಹೇಳಿದರು. ಅಪ್ಪ ಪಂಚಾಂಗ ನೋಡಲಿಲ್ಲ. ತಿರುಗಿ ಚೌಕಗಳನ್ನು ನೋಡಿದ.

“ಆ ದಿನ ಆಗ್ಲಿಕ್ಕಿಲ್ಲ. ಅವತ್ತು ಒಂದು ಪಾತ್ರೇನೂ ಮನೇಲಿರಲ್ಲ.”

“ಹಂಗಾರೆ ಅದರ ಮುಂದಿನ ಸೋಮವಾರ?”

“ಅವತ್ತೂ ಹರಿಹರಪುರದ ಕಡೇದು ಉಂಟು.”

“ಅಲ್ಲ ಮಲ್ಲಪ್ಪನೋರೆ, ಪಾತ್ರೆಗೂ ಮದುವೆಗೂ ಎಂಥ ಸಂಬಂಧ ಮಾರಾಯ್ರೆ? ಒಂದು ದಿನಕ್ಕೆ ಕೊಪ್ಪದಿಂದ ಬಾಡಿಗೆಗೆ ತರಿಸಿದ್ರೆ ಆಯ್ತಪ್ಪ.”

ಅಪ್ಪನ ಮುಖ ಕೆಂಪಾಯಿತು.

“ಪಾತ್ರೆ ಮಲ್ಲಪ್ಪನ ಮಗಳ ಮದುವೆಗೆ ಬಾಡಿಗೆ ಪಾತ್ರೆಯಾ? ಕಾರ್ತಿಕಕ್ಕೆ ಇಟ್ಕೊಳ್ಳಿ. ಒಂದು ಚಮಚನೂ ಹೊರಗಿಂದ ತರಲ್ಲ, ಹಂಗೆ ಮಾಡಿಕೊಡ್ತೀನಿ.”

“ಕಾರ್ತಿಕಕ್ಕೆ ಅಜ್ಜಿ ಇರ್ಬೇಕಲ್ಲ!”

ಸೋದರಮಾವ ನಗುತ್ತಲೇ ಎದ್ದರು. ವಿಚಾರ ಮಾಡಿ ಹೇಳಿ ಎಂದು ಹೋದರು. ಆಗ ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು ಎಂದು ನನ್ನ ನೆನಪು. ಇಲ್ಲ, ಅವಳು ಹೊಳೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಬಂದಮೇಲೆ ಅಮ್ಮ ಹೇಳಿದ್ದು ಎನ್ನುತ್ತಾನೆ ಸುರೇಶ. ಬಾಗಿಲ ಹಿಂದೆ ನಿಂತ ಹುಡುಗಿ ಎಂಬುದು ಕಥೆಗಳಿಗೆ ಎಷ್ಟು ಸಲೀಸು! ಹಾಗಾಗಿ ನನ್ನ ನೆನಪಿಗಿಂತ ಅವನ ಹೊಳೆಯೇ ನಿಜವಿರಬಹುದು. ಆದರೆ ಆ ಸಂಜೆಯ ಜಗಳ ಇಬ್ಬರಿಗೂ ಒಂದೇ ಥರ ನೆನಪಿದೆ. ಅಮ್ಮ ಕೊಪ್ಪರಿಗೆಯ ಹತ್ತಿರ ನೆಲದ ಮೇಲೆ ಕೂತಿದ್ದಳು. ಅದರ ಕಿವಿಗೆ ಯಾರದೋ ಚಿಂದಿ ಕಟ್ಟಿತ್ತು.

“ಒಂದು ಬಟ್ಟೆ ಬಿಚ್ಚಿ. ನಾನು ಇದುವರೆಗೆ ಏನನ್ನಾದ್ರೂ ಕೇಳಿದೀನಾ? ಒಂದೇ ಒಂದು.”

“ಅವರ ಕೈಲಿ ತುಂಡು ಕೊಟ್ಟಾಗಿದೆ. ನಾಳೆ ಅವರು ಬಂದು ಚಪ್ಪರದಡಿ ಎಂಥದ್ರಲ್ಲಿ ಅನ್ನ ಮಾಡ್ತಾರೆ? ಅವರದೂ ಮಗಳೇ.”

“ಅವರಿಗೂ ಕೊಪ್ಪದಲ್ಲಿ ಪಾತ್ರೆ ಸಿಗ್ತದೆ.”

“ಮಲ್ಲಪ್ಪ ಕೈಕೊಟ್ಟ ಅಂತ ಆಗ್ತದೆ.”

“ಆಗ್ಲಿ.”

“ಆಗ್ಲಿಯಾ? ಹೊಟ್ಟೆಗೆ ಎಂಥ ತಿಂತೀಯ?”

ಅಮ್ಮ ಧ್ವನಿ ತಗ್ಗಿಸಿ ಕೇಳಿದಳು:

“ದಿನದ ಮಾತೇನಾ ಇದು? ಅಥವಾ ಇವಳು ಹೋದ್ರೆ ನಿಮ್ಮ ಬಟ್ಟೆ ಕಟ್ಟೋರು ಯಾರು ಅಂತಾನಾ?”

ಅಪ್ಪ ಎದ್ದು ಹೋಗಿ ಅಂಗಾತ ಇದ್ದ ಒಂದು ಕೊಳಗವನ್ನು ಬೋರಲು ಮಾಡಿದ. ಅದು ತೊಳೆದಿರಲಿಲ್ಲ. ಅವನು ತನ್ನ ವ್ಯವಸ್ಥೆಯನ್ನು ತಾನೇ ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ರಾತ್ರಿ ಅಕ್ಕ ಅದನ್ನು ಸುಮ್ಮನೆ ತಿರುಗಿಸಿ ಇಟ್ಟಳು.

ಅಪ್ಪ ಕಾರ್ತಿಕವೆಂದೇ ಹೇಳಿಕಳಿಸಿದ. ಮಾಗುಂಡಿಯಿಂದ ಉತ್ತರ ಬರಲಿಲ್ಲ. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಜಯಪುರದ ಕಡೆಯ ಒಬ್ಬರು ಬಂದು ಅಪ್ಪನ ಮುಂದೆ ಹುಲಿಪಟ್ಟೆಯ ತುಂಡನ್ನಿಟ್ಟರು. ಮನೆಯ ಯಜಮಾನರು ಹೋಗಿಬಿಟ್ಟರು, ಮದುವೆ ಮುಂದಕ್ಕೆ ಎಂದರು. ಬಟ್ಟೆ ವಾಪಸು ಬಂದಿತ್ತು. ಅದು ಸೋದರಮಾವ ಮೊದಲು ಹೇಳಿದ ದಿನದ ಮದುವೆ. ಅಕ್ಕ ಒಂದೊಂದೇ ಪಾತ್ರೆಯಿಂದ ಹುಲಿಪಟ್ಟೆ ಬಿಚ್ಚಿದಳು. ಕೊಪ್ಪರಿಗೆಯದನ್ನೂ ಬಿಚ್ಚಿದಳು. ಅಮ್ಮ ಆ ದಿನ, ಯಾರ ಮನೆಯ ಕೂಸೋ ಪಾಪ, ಅನ್ನಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಅಪ್ಪನೆದುರು ನಿಂತಳು.

“ಈಗ ಉಂಟಲ್ಲ? ಹೋಗಿ ಹೇಳಿ ಬನ್ನಿ. ಈಗಿನ ಬಸ್ಸಿಗೇ ಹೋಗಿ.”

ಅಪ್ಪ ಅಂಗಿ ಹಾಕಿಕೊಂಡ. ಚೌಕಗಳ ನಡುವೆ ಚಪ್ಪಲಿ ಹುಡುಕುತ್ತಿದ್ದ. ಅಷ್ಟರಲ್ಲಿ ಬೀದಿಯಲ್ಲಿ ಜೀಪು ನಿಂತಿತು. ಇಳಿದವರು ಮಾಗುಂಡಿಯ ಸೋದರಮಾವ. ಅಮ್ಮ ಓಡಿ ಒಲೆಗೆ ಕಾಫಿ ಇಟ್ಟಳು. ಅವರೇ ಬಂದರಲ್ಲ ಎಂದು ಅಪ್ಪನ ಮುಖ ಅರಳಿತು.

“ದೇವರು ಕಳಿಸಿದ ಹಾಗೆ ಬಂದ್ರಿ. ನಾನೇ ನಿಮ್ಮಲ್ಲಿಗೆ ಹೊರಟಿದ್ದೆ. ಆ ದಿನ ಆಗ್ತದೆ.”

“ಓ, ಆಗ್ತದಾ? ಸುದ್ದಿ ಕಿವಿಗೆ ಬಿದ್ದೇ ಓಡಿ ಬಂದೆ ಮಾರಾಯ್ರೆ. ಜಯಪುರದೋರು ಬಿಟ್ರಂತಲ್ಲ, ಬೇರೆ ಯಾರಾದ್ರೂ ಹಿಡಿಯೋ ಮೊದಲು ನಮಗೆ ಕೊಟ್ಬಿಡಿ. ಕೊಪ್ಪದಲ್ಲಿ ಎಲ್ಲೂ ಪಾತ್ರೆ ಇಲ್ಲ. ಚಂದ್ರುಗೆ ಕಾನೂರು ಕಡೆ ಹುಡುಗಿ ಗೊತ್ತಾಯ್ತು. ಮದುವೆ ನಮ್ಮ ಮನೇಲೇ.”

ಅಪ್ಪ ಒಂದು ಕಾಲಿಗಷ್ಟೇ ಚಪ್ಪಲಿ ಮೆಟ್ಟಿದ್ದ. ಬಹಳ ಹೊತ್ತಿನ ಮೇಲೆ ಅದನ್ನು ಬಿಟ್ಟ. ಚಿಂದಿಯ ಗಂಟು ತಂದು ಮುಂದಿಟ್ಟುಕೊಂಡ. ಇಲ್ಲ ಅನ್ನಬಹುದಿತ್ತು. ಪಾತ್ರೆ ಖಾಲಿಯಿದೆ, ಗಿರಾಕಿ ಬಂದಿದ್ದಾನೆ; ಇಲ್ಲ ಅನ್ನುವುದಕ್ಕೆ ಅವನ ವ್ಯವಸ್ಥೆಯಲ್ಲಿ ಕಾರಣವಿರಲಿಲ್ಲ. ಒಂದು ಬಟ್ಟೆ ಆರಿಸಿ, ಹರಿದು, ಒಂದು ತುಂಡನ್ನು ಅವರ ಕೈಗೆ ಕೊಟ್ಟ. ಉಳಿದದ್ದನ್ನು ಹಿಂದಕ್ಕೆ ಚಾಚಿ ಹಿಡಿದ. ಮುಖ ತಿರುಗಿಸಲಿಲ್ಲ.

“ಗಿರಿಜಾ, ಕಟ್ಟು.”

ಆ ಬಟ್ಟೆ ಯಾವುದು? ನನ್ನ ಕಣ್ಣಿಗೆ ಈಗಲೂ ಕಾಣುವುದು ಆಕಾಶನೀಲಿ, ಬಿಳಿ ಚುಕ್ಕೆ; ಹುಡುಗನ ಮನೆಯವರು ನೋಡಲು ಬಂದ ದಿನ ಅಕ್ಕ ತೊಟ್ಟಿದ್ದ ರವಿಕೆಯದೇ ಬಟ್ಟೆ. ದರ್ಜಿ ಅಂಗಡಿಯ ಚಿಂದಿಯಲ್ಲಿ ಅದು ಇದ್ದಿರಲೂಬಹುದು, ಅವಳ ರವಿಕೆ ಹೊಲಿದವನೂ ಅವನೇ. ಆದರೆ ಇಷ್ಟು ಚೆನ್ನಾಗಿ ಕೂಡಿಬರುವುದನ್ನು ನಾನು ನಂಬಲಾರೆ. ಸುರೇಶ ಅದು ಬರೀ ಹಳದಿ ಎನ್ನುತ್ತಾನೆ. ಅಷ್ಟೇ ಅಲ್ಲ, ಚಂದ್ರಶೇಖರನ ಮದುವೆ ಅದೇ ದಿನವಲ್ಲ, ವಾರದ ಮೇಲೆ. ಜಯಪುರದ ಸಾವಿಗೂ ಅದಕ್ಕೂ ಸಂಬಂಧವಿಲ್ಲ, ನೀನು ಬರೆಯುವವಳು, ನಿನಗೆ ಎಲ್ಲವೂ ಒಂದಕ್ಕೊಂದು ತಗಲಬೇಕು ಎನ್ನುತ್ತಾನೆ. ಇರಬಹುದು. ಅಪ್ಪ ಪಾತ್ರೆಗಳಿಗೆ ಕಟ್ಟಿದ ಹಾಗೆ ನಾನು ದಿನಗಳಿಗೆ ಚಿಂದಿ ಕಟ್ಟುತ್ತಿರಬಹುದು. ಪಾತ್ರೆ ಹೋದದ್ದು ಮಾತ್ರ ನಿಜ. ಕೊಪ್ಪರಿಗೆಯೂ ಹೋಯಿತು. ಟೆಂಪೋಗೆ ಅದು ಮೊದಲು ಹತ್ತಿತು, ಪಾಯಸ ಕೊನೆಗೆ ಬೇಕಾಗುವುದರಿಂದ.

ಆಮೇಲೂ ಸಂಬಂಧಗಳು ಬಂದವು. ಅವು ಬರುವುದೂ ಮದುವೆಯ ತಿಂಗಳುಗಳಲ್ಲೇ, ಚೌಕಗಳು ತುಂಬುವುದೂ ಆಗಲೇ. ಪ್ರತಿ ಸಲ ಅಪ್ಪನ ಬಳಿ ಒಂದು ಸರಿಯಾದ ಕಾರಣವಿರುತ್ತಿತ್ತು. ಅವನು ಕ್ರೂರಿಯಾಗಿರಲಿಲ್ಲ ಎಂದು ಬರೆದು ಹಗುರಾಗಬಹುದು; ಎಷ್ಟೋ ಆತ್ಮಕಥೆಗಳಲ್ಲಿ ಅಪ್ಪಂದಿರು ಹಾಗೆ ಬಿಡುಗಡೆಯಾಗುತ್ತಾರೆ. ನಾನು ಹಾಗೆ ಬರೆಯುವುದಿಲ್ಲ. ಮುಂದಿನ ವರ್ಷದ ಮದುವೆಗಳನ್ನು ಈ ವರ್ಷವೇ ಕಾಣುತ್ತಿದ್ದವನಿಗೆ ಮಗಳು ಹೋಗಬೇಕಾದ ದಿನ ಮಾತ್ರ ಕಾಣದೆ ಹೋಯಿತೆಂದರೆ, ಅವನು ಆ ಕಡೆ ನೋಡಲಿಲ್ಲ ಎಂದೇ ಅರ್ಥ. ಅಮ್ಮ ಕೊನೆಯವರೆಗೂ ಅಪ್ಪನಿಗೆ ಬಡಿಸುತ್ತಿದ್ದಳು, ಮಾತಾಡುತ್ತಿದ್ದಳು. ಆದರೆ ಆ ಕೊಪ್ಪರಿಗೆಯನ್ನು ಮುಟ್ಟಲಿಲ್ಲ. ನಾನು ಮನೆಯಲ್ಲಿ ಹೇಳದೆ ಚಿಕ್ಕಮಗಳೂರಿನ ರಿಜಿಸ್ಟರ್ ಕಚೇರಿಯಲ್ಲಿ ಮದುವೆಯಾದೆ. ಅಲ್ಲಿ ಯಾವ ಪಾತ್ರೆಯೂ ಬೇಕಾಗಲಿಲ್ಲ. ಅದನ್ನು ನನ್ನ ಧೈರ್ಯವೆಂದು ಗೆಳತಿಯರು ಹೊಗಳಿದರು. ನನಗೆ ಗೊತ್ತಿದ್ದದ್ದು ಒಂದೇ: ನಮ್ಮ ಮನೆಯಿಂದ ಹೊರಗೆ ಹೋಗಲು ಚೌಕದ ಹೊರಗೆ ಹೋಗಬೇಕು.

ತರಬೇತಿ ಮುಗಿದ ಮೇಲೆ ನಾನೂ ಅಕ್ಕನೂ ಹಾಲ್‌ನ ಬಾಗಿಲಿಗೆ ಬಂದೆವು. ಅಲ್ಲಿ ಸುರೇಶ ಕೊಪ್ಪರಿಗೆಯನ್ನು ಇಟ್ಟಿದ್ದಾನೆ. ಉಜ್ಜಿಸಿ, ನೀರು ತುಂಬಿಸಿ, ಮೇಲೆ ಗುಲಾಬಿ ದಳ, ಬ್ಯಾಟರಿ ದೀಪ ತೇಲಿಬಿಟ್ಟಿದ್ದಾನೆ. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತರಬೇತಿಗೆ ಬಂದಿದ್ದ ಇಬ್ಬರು ಹೆಂಗಸರು ಹಾಗೇ ನಿಂತು ತೆಗೆಸಿಕೊಂಡು ಹೋದರು. ಅಮ್ಮನ ಹೆಸರು ಗೋಡೆಯ ಕಡೆಗೆ ತಿರುಗಿತ್ತು. ಅಕ್ಕ ಬಗ್ಗಿ ಹೆಸರನ್ನು ಈಚೆಗೆ ತಿರುಗಿಸಲು ನೋಡಿದಳು. ನೀರು ತುಂಬಿದ ಕೊಪ್ಪರಿಗೆ ಅಲುಗಲಿಲ್ಲ. ನಾನು ಇಷ್ಟು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ. ಆ ಬಟ್ಟೆ ನೀಲಿಯೋ ಹಳದಿಯೋ? ಅದೇ ದಿನವೋ, ವಾರದ ಮೇಲೋ? ಅವಳು ಬಾಗಿಲ ಹಿಂದೆ ಇದ್ದಳೋ, ಹೊಳೆಯಲ್ಲೋ?

ಅಕ್ಕ ಒದ್ದೆಯಾದ ಬೆರಳನ್ನು ಸೀರೆಗೆ ಒರೆಸಿಕೊಂಡಳು.

“ಅದೆಲ್ಲ ನಂಗೆ ನೆನಪಿಲ್ಲ ಕಣೇ. ಮಾಗುಂಡಿಯಿಂದ ವಾಪಸು ಬಂದಾಗ ಪಾಯಸ ತಳ ಹಿಡಿದಿತ್ತು. ಬೆಲ್ಲದ ಪಾಯಸ, ಇಷ್ಟು ದಪ್ಪ ಕರಕು. ಹೊಳೆ ಮರಳು ಹಾಕಿ ತಿಕ್ಕಿದ್ರೂ ಬಿಡ್ಲಿಲ್ಲ. ಕಡೇಗೆ ಕೊಪ್ಪರಿಗೆ ಒಳಗೇ ಇಳಿದು ಕೂತು ಕೆರೆದೆ.”

“ಆಮೇಲೆ?”

“ಆಮೇಲೆಂಥದು ಮಾರಾಯ್ತಿ? ಬೋರಲು ಹಾಕಿದೆ.”